ಕಾಡಿನ ಸಿಂಹ, ಗುರಾಣಿಯ ಸಿಂಹ
(ರಾಯಚೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಅಧ್ಯಕ್ಷರೆ, ಗುರುಗಳೆ, ವಿದ್ಯಾರ್ಥಿ ಮಿತ್ರರೆ,

ಜೇಬಿನಲ್ಲಿ ಒಂದು ರೂಪಾಯಿ ನಾಣ್ಯವಿದ್ದರೆ ಹೊರಗೆ ತೆಗೆಯಿರಿ. ಸಾರನಾಥದಲ್ಲಿ ಸುಮಾರು ಏಳು ಅಡಿ ಎತ್ತರವಿರುವ ಅಶೋಕನ ಸಿಂಹಶಿಲ್ಪ ಇಲ್ಲಿ ಉಗುರಿನಷ್ಟು ಜಾಗದಲ್ಲಿ ಕುಳಿತಿದೆ. ಆದರೂ ಮಗು ಕೂಡ ಗುರುತು ಹಿಡಿಯುತ್ತದೆ. ಹೇಗೆ? ಒಂದು ಸಿಂಹ ನೇರ ನಮ್ಮ ಕಡೆ, ಎರಡು ಪಕ್ಕಕ್ಕೆ. ನಾಲ್ಕನೆಯದು ಬೆನ್ನ ಹಿಂದೆ, ಕಾಣುವುದಿಲ್ಲ. ಮುಂಗಾಲುಗಳು ಕಂಬದಂತೆ ನೆಟ್ಟಗಿವೆ. ಕೇಸರದ ಕೂದಲು ಗಾಳಿಗೆ ಕೆದರಿಲ್ಲ. ಸಾಲು ಸಾಲಾಗಿ, ಜೋಡಿಸಿಟ್ಟ ಹಾಗೆ ಇದೆ. ಗಿರ್ ಕಾಡಿನ ಯಾವ ಸಿಂಹವೂ ಇಷ್ಟು ಅಚ್ಚುಕಟ್ಟಾಗಿ ತಲೆ ಬಾಚಿಕೊಳ್ಳುವುದಿಲ್ಲ. ಲಾಂಛನದ ಸಿಂಹವನ್ನು ಪ್ರಾಣಿಯಂತೆ ಬರೆಯುವುದಲ್ಲ, ಅಕ್ಷರದಂತೆ ಬರೆಯುವುದು ಎಂಬುದೇ ಇಂದು ನನ್ನ ವಾದ.

1905ರ ಉತ್ಖನನದಲ್ಲಿ ದೊರೆತ ಈ ಶಿಲ್ಪ 1950ರ ಜನವರಿ 26ರಂದು ರಾಷ್ಟ್ರಲಾಂಛನವಾಯಿತು. ನಮ್ಮ ಜಿಲ್ಲೆಗೆ ಅಶೋಕ ಸಿಂಹವನ್ನು ಕಳಿಸಲಿಲ್ಲ, ಬಂಡೆಯ ಮೇಲೆ ಬರಹ ಕೊರೆಸಿದ. ಆದರೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಆ ಶಾಸನದಲ್ಲೇ, ಅವನ ಶಾಸನಗಳ ಪೈಕಿ ಮೊದಲ ಬಾರಿಗೆ, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕ ಎಂಬ ಹೆಸರು ಕಂಡಿತು. ಸಿಂಹ ಕಾಶಿಯ ಮಗ್ಗುಲಿನದು, ಸಿಂಹದ ಒಡೆಯನ ಹೆಸರಿಗೆ ಸಾಕ್ಷಿ ನಮ್ಮದು! ರಾಯಚೂರಿನವನಾಗಿ ಇಷ್ಟು ಜಂಬ ನನಗಿರಲಿ.

ಕದಂಬರದೂ ಸಿಂಹಲಾಂಛನವೇ. ಅದನ್ನು ನೀವು ಬಲ್ಲಿರಿ, ಮುಂದೆ ಹೋಗೋಣ.

ಯುರೋಪಿನಲ್ಲಿ 12ನೆಯ ಶತಮಾನದ ಹೊತ್ತಿಗೆ ಗುರಾಣಿಯ ಮೇಲೆ ಮನೆತನದ ಗುರುತು ಬರೆಸುವ ಪದ್ಧತಿ ಬೇರೂರಿತು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಚಿನ್ನ, ಬೆಳ್ಳಿ (ಅಂದರೆ ಹಳದಿ, ಬಿಳಿ) ಒಂದು ಗುಂಪು, ಕೆಂಪು, ನೀಲಿ, ಕಪ್ಪು, ಹಸಿರು ಇನ್ನೊಂದು. ಒಂದೇ ಗುಂಪಿನದರ ಮೇಲೆ ಅದೇ ಗುಂಪಿನದನ್ನು ಬರೆಯುವಂತಿಲ್ಲ. ಲಾರಿಯ ಹಳದಿ ಹಲಗೆಯ ಮೇಲೆ ಕಪ್ಪು ಅಂಕಿ ಬರೆಯುವುದೂ ಇದೇ ಲೆಕ್ಕ, ದೂರದಿಂದ ಓದಿಸಬೇಕು. ಸ್ಕಾಟ್ಲೆಂಡಿನ ಸಿಂಹ ಚಿನ್ನದ ನೆಲದ ಮೇಲೆ ಕೆಂಪಾಗಿ ಹಿಂಗಾಲಲ್ಲಿ ಎದ್ದು ನಿಂತಿದೆ. ಉಗುರು, ನಾಲಗೆ ನೀಲಿ. ನೀಲಿ ನಾಲಗೆಯ ಸಿಂಹ ಎಲ್ಲಿದೆ ಎಂದು ಕೇಳಬೇಡಿ. ಕೆಂಪು ಮೈಯಲ್ಲಿ ಕೆಂಪು ನಾಲಗೆ ಕಳೆದುಹೋಗುತ್ತಿತ್ತು. ಇಂಗ್ಲೆಂಡಿನ ಮೂರು ಸಿಂಹಗಳು ಕೆಂಪಿನ ಮೇಲೆ ಚಿನ್ನ. ನಡೆಯುತ್ತಲೇ ನಮ್ಮತ್ತ ಮುಖ ತಿರುಗಿಸಿವೆ. ಪ್ರಾಣಿ ಅದೇ, ಭಂಗಿ ಬದಲಾದರೆ ಮನೆತನವೇ ಬೇರೆ. ಎದ್ದುನಿಂತ ಸಿಂಹದ ಬಾಲವನ್ನೂ ಗಮನಿಸಿ. ಬೆನ್ನ ಹಿಂದೆ ಸುರುಳಿಯಾಗಿ ಮೇಲೇರಿ, ಗುರಾಣಿಯಲ್ಲಿ ಖಾಲಿ ಉಳಿದ ಮೂಲೆಯನ್ನು ತುಂಬುತ್ತದೆ.

ರಿಸರ್ವ್ ಬ್ಯಾಂಕಿನ ಮುದ್ರೆಯ ಕಥೆ ಮೋಜಿನದು. ಈಸ್ಟ್ ಇಂಡಿಯಾ ಕಂಪನಿಯ ಜೋಡಿ ಮೊಹರು ಎಂಬ ಚಿನ್ನದ ನಾಣ್ಯದ ಮೇಲೆ ಸಿಂಹವೂ ತಾಳೆಮರವೂ ಇದ್ದವು. 1935ರಲ್ಲಿ ಬ್ಯಾಂಕ್ ಆ ಮಾದರಿಯನ್ನೇ ಆರಿಸಿಕೊಂಡು, ಭಾರತಕ್ಕೆ ಹುಲಿಯೇ ಹೆಚ್ಚು ತಕ್ಕದ್ದೆಂದು ಸಿಂಹವನ್ನು ಕೆಳಗಿಳಿಸಿತು. ಕರಡು ಚಿತ್ರ ಕಂಡ ಡೆಪ್ಯುಟಿ ಗವರ್ನರ್ ಜೇಮ್ಸ್ ಟೇಲರ್, ಇದು ನಾಯಿಯಂತಿದೆ, ಜನ ನಗುತ್ತಾರೆ ಎಂದು ಆಕ್ಷೇಪಿಸಿದರು. ಸಿಂಹಕ್ಕೆ ಕೇಸರವಾದರೂ ಇದೆ, ಬರೆಯುವವನ ಮಾನ ಕಾಯುತ್ತದೆ; ಹುಲಿಗೆ ಆ ಆಸರೆ ಇಲ್ಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸಿಂಧನೂರು, ಮಾನ್ವಿ ಕಡೆಯ ಅಕ್ಕಿ ಗಿರಣಿಯವರು ಚೀಲಕ್ಕೆ ಸಿಂಹ ಬರೆದುಕೊಡಿ ಎಂದರೆ, ಕಂಪ್ಯೂಟರಿನಲ್ಲಿ ಸಿಕ್ಕ ನೆರಳು-ಬೆಳಕಿನ ಚಿತ್ರವನ್ನು ಕೊಡಬೇಡಿ. ಪ್ಲಾಸ್ಟಿಕ್ ನೇಯ್ಗೆಯ ಮೇಲೆ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿ ಮಸಿಯ ಮುದ್ದೆಯಾಗುತ್ತವೆ. ಎರಡೇ ಬಣ್ಣ, ದಪ್ಪ ಗೆರೆ, ಕೇಸರಕ್ಕೆ ಎಂಟು ಹತ್ತು ಸುರುಳಿ ಸಾಕು. ಚೀಲ ತುಂಬಿದಾಗ ಹೊಟ್ಟೆ ಉಬ್ಬಿ ಎರಡೂ ಅಂಚುಗಳು ಹಿಂದಕ್ಕೆ ಸರಿಯುತ್ತವೆ. ಆದ್ದರಿಂದ ಬಾಲವನ್ನು ಅಂಚಿನವರೆಗೆ ಎಳೆಯದೆ, ಬೆನ್ನ ಮೇಲಕ್ಕೇ ತಿರುಗಿಸಿ.