ಚೋರ್ ಬಜಾರ್‌ನ ಮಸಿ ಕುಡಿಕೆ ಮತ್ತು ನಾಲ್ಕು ಪ್ಲಸ್ ಸ್ಕ್ರೂ

ಗ್ರಾಂಟ್ ರೋಡ್ ಸ್ಟೇಷನ್ನಿಂದ ಇಲ್ಲಿಯವರೆಗಿನ ಗಲಾಟೆ ಈ ವಿಡಿಯೋದಲ್ಲಿ ನೀವೇ ನೋಡಿದಿರಿ, ನಾನೇನೂ ಹೇಳಬೇಕಾಗಿಲ್ಲ. ಇದು ಮುಂಬೈ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಶುಕ್ರವಾರ ಮಾತ್ರ ಬರಬೇಡಿ, ಹಳೇ ಸಾಮಾನಿನ ಅಂಗಡಿಗಳಿಗೆ ಅವತ್ತು ರಜ.

ಅಂಗಡಿಯ ಹೆಸರು ಬೇಡ ಬಿಡಿ. ಒಳಗೆ ಕಾಲಿಡಲೂ ಜಾಗ ಇಲ್ಲ. ಈಗ ಟಪ್ ಅಂತ ಕೇಳಿಸಿತಲ್ಲ, ಅದು ಗ್ರಾಮೋಫೋನ್ ಕೊಂಬಿಗೆ ನನ್ನ ಮೈಕ್ ತಗುಲಿದ್ದು.

ಹಾಂ, ಇದೇ ಮಸಿ ಕುಡಿಕೆ. ಹಿತ್ತಾಳೆ ಸ್ಟ್ಯಾಂಡ್, ಅದರ ಮೇಲೆ ಎರಡು ಗಾಜಿನ ಕುಡಿಕೆ. ಒಂದು ಕಪ್ಪು ಮಸಿಗೆ, ಒಂದು ಕೆಂಪಿಗೆ. ಹಿತ್ತಾಳೆ ಇರುವಾಗ ಗಾಜು ಯಾಕೆ? ಮಾಚಿಕಾಯಿ, ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪು ಹಾಕಿ ಮಾಡುತ್ತಿದ್ದ ಮಸಿಯಲ್ಲಿ ಆಸಿಡ್ ಇರುತ್ತಿತ್ತು, ಲೋಹವನ್ನು ತಿಂದುಬಿಡುತ್ತಿತ್ತು. ಮಸಿ ಅಂದ ಕೂಡಲೇ ನೆನಪಾಯ್ತು, ವೋಟು ಹಾಕಿದಾಗ ಬೆರಳಿಗೆ ಹಚ್ಚುತ್ತಾರಲ್ಲ, ಅದು ನಮ್ಮ ಮೈಸೂರಿನದು. 1962ರ ಚುನಾವಣೆಯಿಂದಲೂ. ಸರಿ, ಶಾಟ್ ಮುಗಿಯುತ್ತಿದೆ, ಬೆಲೆಗೆ ಬರೋಣ.

8,500 ರೂಪಾಯಿ! "ಬ್ರಿಟಿಷರ ಕಾಲದ್ದು, 150 ವರ್ಷ ಹಳೇದು" ಅಂದರು ಅಂಗಡಿಯವರು. ತಿರುಗಿಸಿ ನೋಡಿದರೆ ತಳದಲ್ಲಿ ಫಳಫಳ ಹೊಳೆಯುವ ಪ್ಲಸ್ ಸ್ಕ್ರೂ. ಹತ್ತಿರದಿಂದ ತೋರಿಸಿದ್ದೇನೆ ನೋಡಿ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. "ರಿಪೇರಿ ಮಾಡಿಸಿದ್ದು ಮೇಡಂ" ಅಂತ ಉತ್ತರ. ಒಂದು ಹೋಗಿದ್ದರೆ ನಂಬಬಹುದಿತ್ತು. ನಾಲ್ಕೂ ಒಟ್ಟಿಗೇ ಹೋಗುತ್ತವಾ?

ನಾನೂ ಬಿಡಲಿಲ್ಲ. 100 ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಇದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ, ದುಬೈಯಲ್ಲಿರುವ ಅಕ್ಕನಿಗೆ ಹೇಗೆ ಕಳಿಸಲಿ ಅಂತ ಕೇಳಿದೆ. ದುಬೈಯಲ್ಲಿ ನನಗೆ ಯಾರೂ ಇಲ್ಲ, ಅದು ಬೇರೆ ಮಾತು. ತಕ್ಷಣ ಅವರು, "ಅಯ್ಯೋ, ಅಷ್ಟೇನೂ ಹಳೇದಲ್ಲ, ಆರಾಮಾಗಿ ಕಳಿಸಿ!" ವಯಸ್ಸು ಇಳಿಯಿತು, ಬೆಲೆ ಇಳಿಯಲಿಲ್ಲ. ಅರ್ಧ ಗಂಟೆ ಜಗ್ಗಾಡಿದೆ. ಅಷ್ಟನ್ನೂ ಹಾಕಿದರೆ ನೀವು ಎದ್ದು ಹೋಗುತ್ತೀರಿ, ಅದಕ್ಕೇ ಕಟ್ ಮಾಡಿದ್ದೇನೆ.

ಇಂಥ ಶೋಪೀಸ್‌ಗೆ ದುಡ್ಡು ಹಾಕುವುದು ಶುದ್ಧ ದಂಡ ಅಂತ ಹೋದ ವಿಡಿಯೋದಲ್ಲಿ ನಾನೇ ಹೇಳಿದ್ದೆ, ಅಲ್ವಾ? ಈಗ ಹಾಗೆ ಅನಿಸುತ್ತಿಲ್ಲ. ಹಳೇದೋ ಹೊಸದೋ, ಆ ಗಾಜಿನ ಕೆತ್ತನೆ ಚೆನ್ನಾಗಿದೆ. ಮುಚ್ಚಳ ತೆರೆದರೆ ಟಿಕ್ ಅನ್ನುತ್ತದೆ. 2,600ಕ್ಕೆ ಕೊಟ್ಟರು, ತಗೊಂಡೆ. ಬಿಲ್ಲಿನಲ್ಲಿ "ಆಂಟಿಕ್" ಅಂತ ಬರೆಯಲು ಹೋದರು, "ಹಿತ್ತಾಳೆ ಸಾಮಾನು" ಅಂತ ಬರೆಸಿದ್ದೇನೆ.

ಕೈಗಾಡಿಯವರು ಕೂಗುತ್ತಿದ್ದಾರೆ, ದಾರಿ ಬಿಡಬೇಕು. ಮುಂದಿನ ಶಾಟ್ ಚಹಾ ಅಂಗಡಿಯದು.