ಹೊಣೆ ನರ್ಸಿನದು, ಮಾತು ಯಾರದು?

ಕೇಳುಗರಿಗೆ ನಮಸ್ಕಾರ.

ಶುಶ್ರೂಷಾ ವೃತ್ತಿಯಲ್ಲಿರುವವರ ಮೇಲೆ ನೀತಿಯೂ ಕಾನೂನೂ ಹೊರಿಸುವ ಹೊಣೆ ಎಂಥದ್ದು, ಆ ಹೊಣೆಯನ್ನು ನಿಭಾಯಿಸಲು ಬೇಕಾದ ಅಧಿಕಾರ ಅವರ ಕೈಯಲ್ಲಿ ಎಷ್ಟಿದೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ರೋಗಿಯ ಸ್ವಾಯತ್ತತೆ, ರೋಗಿಯ ಹಿತ, ಹಾನಿ ಮಾಡದಿರುವುದು, ನ್ಯಾಯ ಎಂಬ ನಾಲ್ಕು ತತ್ತ್ವಗಳನ್ನು ನರ್ಸಿಂಗ್ ಕಾಲೇಜುಗಳಲ್ಲಿ ನಾವು ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ವಾರ್ಡಿನಲ್ಲಿ ಮಾತ್ರ ಈ ನಾಲ್ಕೂ ಒಂದೊಂದಾಗಿ, ಹೆಸರು ಹೇಳಿಕೊಂಡು ಬರುವುದಿಲ್ಲ. ಒಂದು ಚೀಟಿಯ ರೂಪದಲ್ಲೋ ಒಂದು ಸಿರಿಂಜಿನ ರೂಪದಲ್ಲೋ ಒಟ್ಟಿಗೇ ಬಂದು ನಿಲ್ಲುತ್ತವೆ.

1993ರ ಡಿಸೆಂಬರಿನಲ್ಲಿ ಸ್ಪ್ರಿಂಗ್ ಮೆಡೋಸ್ ಎಂಬ ಆಸ್ಪತ್ರೆಯಲ್ಲಿ ಟೈಫಾಯ್ಡ್ ಆಗಿದ್ದ ಒಂದು ಮಗು ದಾಖಲಾಗಿತ್ತು. ವೈದ್ಯರ ಮನಸ್ಸಿನಲ್ಲಿದ್ದದ್ದು ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕ. ನರ್ಸ್ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಲಾರಿಯಾಗೋ, ಅಂದರೆ ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್. ತಂದೆ ಚೀಟಿ ಹಿಡಿದುಕೊಂಡು ಹೋಗಿ ಅದನ್ನೇ ಕೊಂಡು ತಂದರು. ಇಂಜೆಕ್ಷನ್ ಕೊಡಬೇಕಾಗಿದ್ದ ವೈದ್ಯರು ಆ ಕೆಲಸವನ್ನು ನರ್ಸಿಗೆ ಬಿಟ್ಟರು. ಆಕೆ ಅದನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗ, ತಾಯಿಯ ತೊಡೆಯ ಮೇಲಿದ್ದ ಮಗು ಅಲ್ಲಿಯೇ ಕುಸಿಯಿತು. ಜೀವ ಉಳಿಯಿತು, ಆದರೆ ಮೆದುಳಿಗೆ ಆದ ಹಾನಿ ಸರಿಹೋಗಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯೆಂದರೆ, ಆಕೆಯ ಹೆಸರು ಯಾವ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿಯೂ ನೋಂದಣಿಯಾಗಿರಲಿಲ್ಲ. 1998ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಮಗುವಿಗೆ ಹನ್ನೆರಡೂವರೆ ಲಕ್ಷ ರೂಪಾಯಿ ಹಾಗೂ ಅದರ ಸ್ಥಿತಿಯನ್ನು ಕಣ್ಣೆದುರಿಗೇ ನೋಡುತ್ತ ಬದುಕಬೇಕಾದ ತಂದೆತಾಯಿಗೆ ಪ್ರತ್ಯೇಕವಾಗಿ ಐದು ಲಕ್ಷ ರೂಪಾಯಿ ಪರಿಹಾರ ನೀಡಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಎತ್ತಿಹಿಡಿಯಿತು.

ಈ ಪ್ರಕರಣವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಹೆಚ್ಚಿನವರು ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ರೋಗಿ ಎಂಬ ಸೂತ್ರಕ್ಕೆ ಬಂದು ನಿಲ್ಲಿಸಿಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಹೊಣೆಯ ಹಂಚಿಕೆ. ಅರ್ಹತೆಯಿಲ್ಲದವರನ್ನು ನರ್ಸ್ ಎಂದು ನೇಮಿಸಿಕೊಂಡ ಆಸ್ಪತ್ರೆ, ತಾನು ಮಾಡಬೇಕಾದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋದ ವೈದ್ಯ, ತಿಳಿಯದ ಔಷಧವನ್ನು ತಿಳಿಯದ ಹಾದಿಯಲ್ಲಿ ಕೊಟ್ಟ ನರ್ಸ್, ಇವರಲ್ಲಿ ಯಾರೊಬ್ಬರೂ ಇನ್ನೊಬ್ಬರ ಕಡೆ ಕೈತೋರಿಸಿ ಪಾರಾಗುವಂತಿರಲಿಲ್ಲ. ‘ಡಾಕ್ಟರ್ ಹೇಳಿದರು, ನಾನು ಕೊಟ್ಟೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದೇಶ ಸ್ಪಷ್ಟವಿಲ್ಲದಿದ್ದರೆ ಕೇಳುವುದು, ತಪ್ಪೆಂದು ಅನಿಸಿದರೆ ಕೊಡದೆ ತಡೆದು ಮೇಲಿನವರಿಗೆ ತಿಳಿಸುವುದು ನರ್ಸಿನ ಕರ್ತವ್ಯದ ಭಾಗವೇ ಆಗಿದೆ.

ನರ್ಸ್ ಯಾರು ಎಂಬುದನ್ನು ಕಾನೂನು ಬಹಳ ಹಿಂದೆಯೇ ಹೇಳಿಟ್ಟಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ 1947ರದು. ನಮ್ಮ ರಾಜ್ಯದ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕರ ಕಾಯ್ದೆ 1961ರದು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ, ಅದರಡಿ ವೃತ್ತಿನೀತಿ ಮತ್ತು ನೋಂದಣಿಗೆಂದೇ ಒಂದು ಮಂಡಳಿಯನ್ನು ಕಲ್ಪಿಸಿದೆ. ಇಷ್ಟಾದರೂ ಬಿಳಿಯ ಇಲ್ಲವೇ ನೀಲಿಯ ಸಮವಸ್ತ್ರ ತೊಟ್ಟವರನ್ನೆಲ್ಲ ‘ಸಿಸ್ಟರ್’ ಎಂದು ಕರೆಯುವ ನಾವು, ಅವರ ನೋಂದಣಿಯ ಬಗ್ಗೆ ಯಾವತ್ತೂ ವಿಚಾರಿಸುವುದಿಲ್ಲ. ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಆರು ತಿಂಗಳ ತರಬೇತಿ ಪಡೆದ ಹುಡುಗಿಯೊಬ್ಬಳು ಡ್ರಿಪ್ ಹಾಕುತ್ತಿದ್ದರೆ ಅದು ಆಕೆಯ ಅಪರಾಧಕ್ಕಿಂತ ಮೊದಲು ಅಲ್ಲಿನ ಮಾಲೀಕರ ಅಪರಾಧ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾನಿ ಮಾಡದಿರುವುದು ಎಂಬ ತತ್ತ್ವ ಕೈಗೆ ಇಳಿದಾಗ ಎಷ್ಟು ಸಣ್ಣ ವಿವರಗಳ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಇನ್ಸುಲಿನ್ನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಯೂ ಬಳಕೆಯಲ್ಲಿದೆ, 100 ಯೂನಿಟ್ ಇರುವುದೂ ಬಳಕೆಯಲ್ಲಿದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಕೇಸ್ ಶೀಟಿನಲ್ಲಿ 20 ಯೂನಿಟ್ ಎಂದು ಬರೆದಿರುವಾಗ, 100 ಯೂನಿಟ್ಟಿನ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ಅಂಶ ಏಕಾಏಕಿ ಇಳಿದು ರೋಗಿ ಪ್ರಜ್ಞೆ ತಪ್ಪಲು ಅಷ್ಟು ಸಾಕು. ಇನ್ನು, 10 ಎಂಬ ಅಂಕಿಗೆ ಅಂಟಿಸಿ ಇಂಗ್ಲಿಷಿನ ‘ಯು’ ಅಕ್ಷರವನ್ನು ಗೀಚಿದರೆ ಅದು ಅವಸರದ ಕಣ್ಣಿಗೆ 100 ಎಂದೇ ಕಾಣುತ್ತದೆ. ಆದ್ದರಿಂದಲೇ ಯೂನಿಟ್ ಎಂಬ ಪದವನ್ನು ಪೂರ್ತಿಯಾಗಿ ಬರೆಯಬೇಕೆಂದು, ಇನ್ಸುಲಿನ್ನಿನಂಥ ಔಷಧವನ್ನು ಇಬ್ಬರು ನೋಡಿ ಖಚಿತಪಡಿಸಿಕೊಳ್ಳಬೇಕೆಂದು, ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು ಗಟ್ಟಿಯಾಗಿ ಓದಿ ಹೇಳಬೇಕೆಂದು ನಾವು ಪಟ್ಟುಹಿಡಿಯುತ್ತೇವೆ. ರಾತ್ರಿ ಎರಡು ಗಂಟೆಗೆ ವೈದ್ಯರನ್ನು ಎಬ್ಬಿಸಿ ‘ಸರ್, ಹದಿನೈದೋ ಐವತ್ತೋ?’ ಎಂದು ಕೇಳಿದ ಕಿರಿಯ ನರ್ಸ್ ಬೈಸಿಕೊಳ್ಳುವ ಆಸ್ಪತ್ರೆಯಲ್ಲಿ ಮಾರನೆಯ ರಾತ್ರಿ ಯಾರೂ ಕೇಳುವುದಿಲ್ಲ. ಅಂಥ ಕಡೆ ನೀತಿಸಂಹಿತೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೂ ಪ್ರಯೋಜನವಿಲ್ಲ.

ಬರೆದಿಡುವ ವಿಚಾರವೂ ಇಂಥದ್ದೇ. ಕೊಟ್ಟ ಔಷಧ, ಕೊಟ್ಟ ಸಮಯ, ನೋಡಿದ ಬಿ.ಪಿ., ವೈದ್ಯರಿಗೆ ತಿಳಿಸಿದ ಗಳಿಗೆ, ಅವರು ಕೊಟ್ಟ ಉತ್ತರ, ಇಷ್ಟೂ ಆಯಾ ಹೊತ್ತಿಗೇ ದಾಖಲಾಗಬೇಕು. ಡ್ಯೂಟಿ ಮುಗಿಯುವ ಹೊತ್ತಿಗೆ ಕುಳಿತು ಇಡೀ ರಾತ್ರಿಯ ಅಂಕಿಗಳನ್ನು ಒಂದೇ ಪೆನ್ನಿನಲ್ಲಿ ಒಂದೇ ಉಸಿರಿಗೆ ತುಂಬಿದ ಚಾರ್ಟು ನೋಡಿದೊಡನೆ ಗೊತ್ತಾಗುತ್ತದೆ. ನ್ಯಾಯಾಲಯದಲ್ಲಿ ವಕೀಲರಿಗೂ ಗೊತ್ತಾಗುತ್ತದೆ. ತಪ್ಪು ಬರೆದಿದ್ದರೆ ಒಂದು ಗೆರೆ ಹೊಡೆದು ಸಹಿ ಹಾಕಬೇಕೇ ಹೊರತು ಬಿಳಿ ಬಣ್ಣ ಬಳಿದು ಮುಚ್ಚಬಾರದು.

ಒಪ್ಪಿಗೆ ಪತ್ರದ ಬಗ್ಗೆ ನಮ್ಮಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. ಶಸ್ತ್ರಚಿಕಿತ್ಸೆಯ ವಿವರ, ಅದರ ಅಪಾಯ, ಬೇರೆ ದಾರಿಗಳು ಇವನ್ನು ರೋಗಿಗೆ ತಿಳಿಸಬೇಕಾದವರು ವೈದ್ಯರು. ಸರಿಯಾದ ಮಾಹಿತಿ ಪಡೆದು ಸ್ವಂತ ಇಚ್ಛೆಯಿಂದ ಕೊಟ್ಟದ್ದೇ ನಿಜವಾದ ಸಮ್ಮತಿ, ಒಂದು ವಿಧಾನಕ್ಕೆ ಕೊಟ್ಟ ಸಮ್ಮತಿಯನ್ನು ಇನ್ನೊಂದಕ್ಕೆ ಎಳೆದುಕೊಳ್ಳುವಂತಿಲ್ಲ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ನಡೆಯುವುದೇನೆಂದರೆ, ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯನ್ನು ನರ್ಸ್ ತಂದು, ಸಹಿಯ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ‘ಇಲ್ಲೊಂದು ಸೈನ್ ಮಾಡಿ ಅಮ್ಮಾ’ ಎನ್ನುತ್ತಾಳೆ. ಸಾಕ್ಷಿಯಾಗಿ ತನ್ನ ಹೆಸರನ್ನೂ ಬರೆಯುತ್ತಾಳೆ. ತಾನು ಯಾವುದಕ್ಕೆ ಸಾಕ್ಷಿ ಎಂದು ಆಕೆ ಒಮ್ಮೆ ಯೋಚಿಸಬೇಕು. ‘ನಾಳೆ ನಿಮಗೆ ಏನು ಮಾಡುತ್ತಾರೆ, ಹೇಳಿ ನೋಡೋಣ’ ಎಂದು ರೋಗಿಯನ್ನೇ ಕೇಳಿ, ಉತ್ತರ ತಡವರಿಸಿದರೆ ಹಾಳೆಯನ್ನು ವೈದ್ಯರ ಮೇಜಿಗೆ ಹಿಂದಿರುಗಿಸುವುದು ಉದ್ಧಟತನವಲ್ಲ.

ಗೌಪ್ಯತೆಯ ವಿಚಾರ ನಮ್ಮ ಸಮಾಜದಲ್ಲಿ ಇನ್ನೂ ಸೂಕ್ಷ್ಮ. ಹಳ್ಳಿಯಿಂದ ಒಂದು ಗಾಡಿ ತುಂಬ ಜನ ನೋಡಲು ಬಂದು, ‘ಅವರಿಗೆ ಏನಂತೆ ಸಿಸ್ಟರ್?’ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಹೇಳದಿದ್ದರೆ ಅಹಂಕಾರಿ ಎನ್ನಿಸಿಕೊಳ್ಳಬೇಕು. ಆದರೂ ರೋಗಿ ಒಪ್ಪದೆ ಹೇಳುವಂತಿಲ್ಲ. ಎಚ್‌ಐವಿ ಸೋಂಕಿತರ ವಿಷಯದಲ್ಲಂತೂ 2017ರ ಕಾಯ್ದೆ ಈ ರಕ್ಷಣೆಯನ್ನು ಶಾಸನವಾಗಿಯೇ ಕೊಟ್ಟಿದೆ. ಮಂಚದ ತಲೆಯ ಬಳಿ ಕೆಂಪು ಅಕ್ಷರದಲ್ಲಿ ಚೀಟಿ ಅಂಟಿಸುವ ಹಳೆಯ ಅಭ್ಯಾಸಕ್ಕೆ ಈಗ ಸಮರ್ಥನೆಯೇ ಇಲ್ಲ, ಕೈಗವಸಿನ ಎಚ್ಚರವನ್ನು ಎಲ್ಲ ರೋಗಿಗಳ ವಿಷಯದಲ್ಲೂ ಒಂದೇ ಸಮನಾಗಿ ಪಾಲಿಸಬೇಕು. ಇದಕ್ಕೆ ಎದುರಾಗಿ, ಮೌನವೇ ಅಪರಾಧವಾಗುವ ಸಂದರ್ಭವೂ ಉಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಕೈಮುಗಿದು ಬೇಡಿಕೊಂಡರೂ ಮುಚ್ಚಿಡುವ ಆಯ್ಕೆ ಇಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು ನರ್ಸುಗಳು ಗಮನವಿಟ್ಟು ಓದಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಿಂದಿನ ದಂಡ ಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷ ಇದ್ದ ಸೆರೆವಾಸವನ್ನು 106ನೆಯ ಕಲಮು ಐದು ವರ್ಷಕ್ಕೆ ಏರಿಸಿದೆ. ಚಿಕಿತ್ಸಾ ವಿಧಾನವನ್ನು ನಡೆಸುವಾಗ ನೋಂದಾಯಿತ ವೈದ್ಯರಿಂದ ಹೀಗಾದರೆ ಎರಡೇ ವರ್ಷ ಎಂಬ ರಿಯಾಯಿತಿಯನ್ನೂ ಅದು ಕೊಟ್ಟಿದೆ. ಆದರೆ ಅದೇ ಕಲಮಿನ ವಿವರಣೆಯ ಪ್ರಕಾರ ರಾಷ್ಟ್ರೀಯ ಅಥವಾ ರಾಜ್ಯ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಮಾತ್ರ ಅದಕ್ಕೆ ಅರ್ಹರು. ಅಂದರೆ ಒಂದೇ ಮಂಚದ ಆಚೆ ಈಚೆ ನಿಂತು ಒಂದೇ ಚಿಕಿತ್ಸೆಯಲ್ಲಿ ತೊಡಗಿರುವ ಇಬ್ಬರಲ್ಲಿ, ಆದೇಶ ಕೊಟ್ಟವರಿಗೆ ರಿಯಾಯಿತಿ ಇದೆ, ಪಾಲಿಸಿದವರಿಗೆ ಇಲ್ಲ. ಇದು ಸರಿಯಲ್ಲ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬರು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬರು ಎಂದು ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ರಾತ್ರಿ ಪಾಳಿಯ ವಾರ್ಡಿಗೆ ಹೋಗಿ ಎಣಿಸಿದವರಿಗೆ ಆ ಮಾನದಂಡಕ್ಕೂ ವಾಸ್ತವಕ್ಕೂ ಇರುವ ದೂರ ತಿಳಿಯುತ್ತದೆ. ನಿರ್ಲಕ್ಷ್ಯವನ್ನು ಅಳೆಯುವಾಗ ಆ ರಾತ್ರಿ ಆಕೆಯ ಪಾಲಿಗೆ ಎಷ್ಟು ರೋಗಿಗಳಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕು.

ತತ್ತ್ವಗಳು ಒಂದರೊಡನೊಂದು ಡಿಕ್ಕಿ ಹೊಡೆದ ಪ್ರಕರಣವೆಂದರೆ ಅರುಣಾ ಶಾನಭಾಗ ಅವರದು. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದಿಪುರದ ಅರುಣಾ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಣಿಯಿಂದ ಕುತ್ತಿಗೆ ಬಿಗಿದು ಹಲ್ಲೆ ಮಾಡಿದ ಮೇಲೆ ಅವರು ಮತ್ತೆ ಮೊದಲಿನಂತಾಗಲಿಲ್ಲ. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತಿಯಿಂದ ಸಾಯಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ತಿರಸ್ಕರಿಸಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂದೆಗೆಯುವುದಕ್ಕೆ ದಾರಿಯನ್ನೂ ತೆರೆಯಿತು. ಅರುಣಾ ಅವರ ಪರವಾಗಿ ಮಾತನಾಡುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಕೋರ್ಟು ಕೊಟ್ಟ ಉತ್ತರ, ವರ್ಷಗಟ್ಟಲೆ ಅವರ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯದು ಎಂದು. ಮೂವತ್ತೇಳು ವರ್ಷ ಮಲಗಿದ್ದಲ್ಲೇ ಇದ್ದ ದೇಹದಲ್ಲಿ ಒಂದೇ ಒಂದು ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡವರ ಮಾತಿಗೆ ಅಂದು ತೂಕವಿತ್ತು. ಅರುಣಾ ಅವರಿಗೆ ಸ್ವತಃ ಏನು ಬೇಕಾಗಿತ್ತು ಎಂಬುದನ್ನು ಕೇಳಿ ತಿಳಿಯುವ ದಾರಿ ಮಾತ್ರ ಯಾರಿಗೂ ಇರಲಿಲ್ಲ. ಅವರು 2015ರ ಮೇ 18ರಂದು ತೀರಿಕೊಂಡರು.

ಆ ಕೊರತೆಗೆ ಉತ್ತರವಾಗಿ ಕಾಮನ್ ಕಾಸ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಕೊಟ್ಟ 2018ರ ತೀರ್ಪು ಜೀವನದ ಕೊನೆಯ ಚಿಕಿತ್ಸೆಯ ಬಗ್ಗೆ ಮುಂಗಡವಾಗಿ ಉಯಿಲು ಬರೆದಿಡುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿಸಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕೆ ಆದೇಶ ಹೊರಡಿಸಿದೆ. ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ ಎರಡು ವೈದ್ಯಕೀಯ ಮಂಡಳಿಗಳು ಒಂದರ ಮೇಲೊಂದು ಪರಿಶೀಲಿಸಿ ಅಭಿಪ್ರಾಯ ಕೊಡಬೇಕು, ಎರಡರಲ್ಲಿಯೂ ವೈದ್ಯರೇ ಇರುತ್ತಾರೆ. ರೋಗಿ ಯಾವಾಗ ನರಳಿದ, ಯಾರ ಧ್ವನಿಗೆ ಕಣ್ಣು ತೆರೆದ, ಪ್ರಜ್ಞೆ ಇದ್ದಾಗ ‘ಇನ್ನು ಪೈಪು ಹಾಕಬೇಡಿ’ ಎಂದು ಯಾವ ರಾತ್ರಿ ಹೇಳಿದ ಎಂಬುದೆಲ್ಲ ಗೊತ್ತಿರುವ ನರ್ಸಿಗೆ ಆ ಮಂಡಳಿಗಳಲ್ಲಿ ಸ್ಥಾನವಿಲ್ಲ. ಸ್ಥಾನ ಕೊಡುವ ತನಕ, ಮಂಡಳಿಯ ಸಭೆಗೆ ಮೊದಲು ನರ್ಸುಗಳ ದಿನಚರಿ ಟಿಪ್ಪಣಿಗಳನ್ನು ಓದಿ ಕಡತಕ್ಕೆ ಸೇರಿಸುವ ಪದ್ಧತಿಯನ್ನಾದರೂ ಆಸ್ಪತ್ರೆಗಳು ತಾವಾಗಿಯೇ ಆರಂಭಿಸಬಹುದು. ಅದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ.

ನಮಸ್ಕಾರ.