ಒಬ್ಬರೇ ಹೋಗಿ ಸಂದರ್ಶನ ಚಿತ್ರೀಕರಿಸುವಾಗ

ಕೇಳುಗರಿಗೆ ನಮಸ್ಕಾರ. ಊರಿನ ಹಿರಿಯರ ಮಾತನ್ನು ವಿಡಿಯೋದಲ್ಲಿ ಉಳಿಸಿಡಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಯಕ್ಷಗಾನದ ಹಳೇ ವೇಷಧಾರಿಗಳು, ಇಳಕಲ್ ಸೀರೆ ನೇಯುವವರು, ಸೋಬಾನೆ ಹಾಡುವ ಅಜ್ಜಿಯರು. ತುಂಬಾ ಒಳ್ಳೆಯ ಕೆಲಸ. ಆದರೆ ಹೋಗುವವರು ಒಬ್ಬರೋ ಇಬ್ಬರೋ. ಕ್ಯಾಮೆರಾ, ಮೈಕು, ಲೈಟು, ಪ್ರಶ್ನೆ ಎಲ್ಲಾ ಅವರ ತಲೆ ಮೇಲೆ.

ಹಾಗಾಗಿ ಬೆಳಕಿನ ಕೆಲಸವನ್ನು ಮೊದಲೇ ಮುಗಿಸಿಬಿಡಿ. ಕಿಟಕಿ ಬೆನ್ನ ಹಿಂದೆ ಬಂದರೆ ಮುಖ ಕಪ್ಪಾಗುತ್ತದೆ, ಪಕ್ಕಕ್ಕೆ ಬರುವಂತೆ ಕೂರಿಸಿ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಒಂದು ಬಿಳಿ ಪಂಚೆ ಕಟ್ಟಿ. ಆ ಕಡೆ ಕೆನ್ನೆಯ ನೆರಳಿಗೆ ಬೆಳಕು ತಿರುಗಿಸಲು ಒಂದು ಥರ್ಮಾಕೋಲ್ ಹಾಳೆ ಸಾಕು. ಮನೆಯ ಹಳದಿ ಬಲ್ಬು ಆರಿಸಿ, ಇಲ್ಲದಿದ್ದರೆ ಮುಖಕ್ಕೆ ಎರಡು ಬಣ್ಣ ಬರುತ್ತದೆ. ಟ್ಯೂಬ್‌ಲೈಟ್ ಬೇಕೇ ಬೇಕು ಅಂದರೆ ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಜ್ ಅಲ್ವಾ, ಅದಕ್ಕೆ ಹೊಂದದಿದ್ದರೆ ಚಿತ್ರ ಮಿಣುಕುತ್ತದೆ. ಆಮೇಲೆ ಫೋಕಸ್, ಎಕ್ಸ್‌ಪೋಷರ್ (ಅಂದರೆ ಚಿತ್ರದ ಬೆಳಕಿನ ಮಟ್ಟ) ಎರಡನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಅಜ್ಜಿ ಕೈ ಎತ್ತಿದಾಗಲೆಲ್ಲ ಫೋಕಸ್ ಕೈಗೆ ಓಡುತ್ತದೆ.

ಇನ್ನು ಶಬ್ದ. ಚಿತ್ರ ಸ್ವಲ್ಪ ಮಂಕಾದರೆ ಮಗ್ಗದ್ದೋ ಗೆಜ್ಜೆಯದ್ದೋ ದೃಶ್ಯ ಹಾಕಿ ಮುಚ್ಚಬಹುದು. ಮಾತೇ ಕೇಳಿಸದಿದ್ದರೆ ಏನು ಹಾಕುತ್ತೀರಿ? ಬಾಯಿಂದ ಮೈಕು ದುಪ್ಪಟ್ಟು ದೂರ ಹೋದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಅದಕ್ಕೇ ಕ್ಯಾಮೆರಾದ ಮೈಕನ್ನು ನಂಬಬೇಡಿ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೀರೆ ಉಟ್ಟವರಾದರೆ ಇಲ್ಲಿ ಅವಸರ ಬೇಡ. ರೇಷ್ಮೆ ಸೆರಗು ಸರಸರ ಅನ್ನುತ್ತದೆ, ಕರಿಮಣಿ ಸರ ಉಸಿರಿಗೊಮ್ಮೆ ಮೈಕಿಗೆ ತಾಗುತ್ತದೆ. ಕೇಳಿಕೊಂಡೇ ಸರವನ್ನು ಸೆರಗಿನೊಳಗೆ ಸರಿಸಿ, ಮೈಕು ಅಂಚಿನ ಕಡೆ ಬರಲಿ. ಮಾತು ಜೋರಾದಾಗಲೂ ಶಬ್ದದ ಮೀಟರು ಮೈನಸ್ 12 ಡೆಸಿಬಲ್‌ನ ಆಸುಪಾಸು ನಿಲ್ಲಲಿ. ಫ್ರಿಜ್ ಆರಿಸಿದರೆ ನಿಮ್ಮ ಗಾಡಿ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಹಾಕುವುದು ಮರೆಯುವುದಿಲ್ಲ. ಕಿವಿಯಿಂದ ಹೆಡ್‌ಫೋನ್ ತೆಗೆಯಲೇಬೇಡಿ. ಮೊಪೆಡ್ ಬಂತಾ, ಹೋಗುವ ತನಕ ಸುಮ್ನೆ ಕಾಯಿರಿ.

ಇಷ್ಟಾದ ಮೇಲೆ ಪರದೆ ನೋಡುವುದು ಬಿಟ್ಟು ಅವರ ಮುಖ ನೋಡಿ. ಲೆನ್ಸಿನ ಪಕ್ಕದಲ್ಲೇ, ಅವರ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ. "ನಿಮ್ಮ ಕಲೆಯ ಬಗ್ಗೆ ಏನು ಹೇಳ್ತೀರಿ?" ಅಂದರೆ ಸನ್ಮಾನದ ಭಾಷಣ ಬರುತ್ತದೆ. "ಮೊದಲು ಗೆಜ್ಜೆ ಕಟ್ಟಿದ್ದು ಯಾವ ಮೇಳದಲ್ಲಿ? ಅವತ್ತು ಯಾವ ವೇಷ?" ಅಂತ ಕೇಳಿ ನೋಡಿ, ಕೈಯೂ ಮಾತಾಡತೊಡಗುತ್ತದೆ. ಅವರು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆ ಎಸೆಯಬೇಡಿ. ನೆನಪು ಬರುವುದಕ್ಕೆ ಹೊತ್ತು ಬೇಕು. ನಿಮ್ಮ "ಹೌದಾ", "ಹ್ಞೂ" ಕೂಡ ರೆಕಾರ್ಡ್ ಆಗುತ್ತದೆ, ತಲೆಯಾಡಿಸಿದರೆ ಸಾಕು.

ಪ್ರಶ್ನೆಗಳು ಮುಗಿದವು ಅಂತ ಹೇಳಿದ ಮೇಲೆ ಮೈಕು ಬಿಚ್ಚಲು ಅವಸರ ಮಾಡಬೇಡಿ. "ಇನ್ನೂ ರೆಕಾರ್ಡ್ ಆಗ್ತಾ ಇದೆ, ಪರವಾಗಿಲ್ವಾ ಅಜ್ಜಿ?" ಅಂತ ಕೇಳಿ. ಅವರು ಹ್ಞೂ ಅಂದರೆ ಚಾ ಕುಡಿಯುತ್ತಾ ಕೂರಿ. ಎಷ್ಟೋ ಸಲ ಒಳ್ಳೆಯ ಕಥೆ ಆಗಲೇ ಶುರುವಾಗುತ್ತದೆ.